ಲೆಕ್ಕ ಹೂಂ ಅಂದಿತು, ಮನಸ್ಸು ಊಹೂಂ ಅಂದಿತು

ಭಾವನೆಗೆ ಜೋತು ಬಿದ್ದು ಬೇಸಾಯ ಮಾಡಬೇಡಿ, ಲೆಕ್ಕ ಹಾಕಿ ಮಾಡಿ ಅಂತ ರೈತರಿಗೆ ಹೇಳದವರೇ ಇಲ್ಲ. ಇಲಾಖೆಯವರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ನಮ್ಮ ಪತ್ರಿಕೆಯಲ್ಲೂ ಎಷ್ಟೋ ಸಲ ಬಂದಿದೆ. ಮಾತು ಸುಳ್ಳಲ್ಲ. ನಾನೂ ಹದಿನೈದು ವರ್ಷದಿಂದ ನೋಟುಬುಕ್ಕಿನಲ್ಲಿ ಖರ್ಚು-ಆದಾಯ ಬರೆದಿಡುತ್ತಾ ಬಂದಿದ್ದೇನೆ. ಆದರೆ ಹೊಲವನ್ನು ಸೋಲಾರಿಗೆ ಗುತ್ತಿಗೆ ಕೊಡಬೇಕೋ ಬೇಡವೋ ಅನ್ನುವ ಪ್ರಶ್ನೆ ನಮ್ಮ ಮನೆ ಬಾಗಿಲಿಗೆ ಬಂದ ಮೇಲೆ, ಲೆಕ್ಕ ಯಾವುದು ಮನಸ್ಸು ಯಾವುದು ಅಂತ ಬೇರೆ ಮಾಡುವುದೇ ಕಷ್ಟ ಅನ್ನಿಸಿತು. ನಮ್ಮಂತೆ ಯೋಚನೆಗೆ ಬಿದ್ದವರು ಇನ್ನೂ ಬಹಳ ಜನ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಏಳನೇ ಕ್ಲಾಸು. ಬರವಣಿಗೆ ಒರಟಾಗಿದ್ದರೆ ಸಹಿಸಿಕೊಳ್ಳಿ.

ನಮ್ಮದು ಪಾವಗಡ ತಾಲ್ಲೂಕು. ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತ ಬಹುಪಾಲು ಆಂಧ್ರವೇ. ಕಡ್ಲೆಕಾಯಿ ನೆಚ್ಚಿಕೊಂಡ ಸೀಮೆ. ಬರಪೀಡಿತ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲದ ವರ್ಷ ಕಮ್ಮಿ. ಇಂಥ ಜಾಗಕ್ಕೆ 2015ರ ನಂತರ ಸೋಲಾರ್ ಪಾರ್ಕು ಬಂತು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಊರುಗಳ ಸುಮಾರು 13,000 ಎಕರೆ. 2018ರ ಮಾರ್ಚ್ 1ರಂದು ಉದ್ಘಾಟನೆ ಆಯಿತು, 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಆಯಿತು. ಆಗ ಪ್ರಪಂಚದ ದೊಡ್ಡ ಪಾರ್ಕುಗಳಲ್ಲಿ ಒಂದು ಅಂತ ಎಲ್ಲ ಕಡೆ ಹೆಸರು.

ಆ ಪಾರ್ಕಿನಲ್ಲಿ ನನಗೆ ವಿಶೇಷ ಅನ್ನಿಸಿದ್ದು ತಟ್ಟೆಗಳಲ್ಲ, ಕರಾರು. ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ, 28 ವರ್ಷ. ಪಹಣಿ ರೈತನ ಹೆಸರಲ್ಲೇ. ಮಾರಿ ಅಂತ ಕೇಳಿದ್ದರೆ ಅರ್ಧಕ್ಕರ್ಧ ಜನ ಒಪ್ಪುತ್ತಿರಲಿಲ್ಲ ಅಂತ ನನ್ನ ಅಂದಾಜು. ಭೂಮಿ ಕಾಸು ಹುಟ್ಟಿಸದಿದ್ದರೂ ಕೈ ಬಿಟ್ಟು ಹೋಗಬಾರದು ಅನ್ನುವ ನಮ್ಮ ಮನಸ್ಸನ್ನು ಯಾರೋ ಬುದ್ಧಿವಂತರು ಲೆಕ್ಕಕ್ಕೆ ತಗೊಂಡಿದ್ದಾರೆ.

ಈಗ ನಮ್ಮ ಕಡೆಗೂ ಗುತ್ತಿಗೆ ಕೇಳುವ ಖಾಸಗಿಯವರು ಓಡಾಡುತ್ತಿದ್ದಾರೆ. ಹೇಳುವ ದರ ಅದರ ಆಸುಪಾಸು.

ನೋಟುಬುಕ್ಕು ಏನು ಹೇಳಿತು

ನಮ್ಮದು ಒಟ್ಟು 9 ಎಕರೆ 20 ಗುಂಟೆ. ಮೇಲಿನ ಹೊಲ ಆರೂವರೆ ಎಕರೆ, ಕಲ್ಲು ಮಿಶ್ರ ಕೆಂಪು ನೆಲ. ಕೆಳಗಿನದು ಮೂರು ಎಕರೆ, ಮನೆಗೆ ಹತ್ತಿರ, ಸ್ವಲ್ಪ ಹಸಿ ಹಿಡಿಯುತ್ತದೆ, ಬದುವಿನಲ್ಲಿ ಅಪ್ಪ ಹಾಕಿದ ಹುಣಸೆ ಮರ ಇದೆ. ಬೋರು ಇಲ್ಲ. ಮಳೆ ಬಂದರೆ ಬೆಳೆ.

2015ರಿಂದ 2024ರವರೆಗೆ ಹತ್ತು ವರ್ಷದ ಕಡ್ಲೆಕಾಯಿ ಲೆಕ್ಕ ತೆಗೆದೆ. ಎರಡು ವರ್ಷ ಚೆನ್ನಾಗಿ ಬಂತು. ಎಕರೆಗೆ ಏಳು ಕ್ವಿಂಟಾಲಿನಷ್ಟು, ಖರ್ಚು ಕಳೆದು ಸುಮಾರು 22,000 ಉಳಿಯಿತು. ನಾಲ್ಕು ವರ್ಷ ಸುಮಾರು, ಎಕರೆಗೆ ಏಳೂವರೆ ಸಾವಿರ ಉಳಿದಿದೆ. ಉಳಿದ ನಾಲ್ಕು ವರ್ಷ ಕೈಯಿಂದ ಹೋಯಿತು, ಎಕರೆಗೆ ಸರಾಸರಿ 5,000. 2023ರಲ್ಲಂತೂ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರದ ಪಟ್ಟಿಗೆ ಸೇರಿದವು. ನಮ್ಮ ಹೊಲದಲ್ಲಿ ಬಿತ್ತಿದ ಬೀಜವೂ ಹಿಂದಕ್ಕೆ ಬರಲಿಲ್ಲ. ಎಲ್ಲಾ ಕೂಡಿ ಹತ್ತರಿಂದ ಭಾಗಿಸಿದರೆ ಎಕರೆಗೆ ವರ್ಷಕ್ಕೆ 5,400 ರೂಪಾಯಿ. ಇದರಲ್ಲಿ ನಾನು, ನನ್ನ ಹೆಂಡತಿ ದುಡಿದದ್ದು ಸೇರಿಲ್ಲ.

ಒಂದು ಕಡೆ 5,400, ಇನ್ನೊಂದು ಕಡೆ 21,000. ಮೂರನೇ ಕ್ಲಾಸಿನ ಹುಡುಗನನ್ನು ಕೇಳಿದರೂ ಉತ್ತರ ಒಂದೇ.

ನನ್ನ ಹೆಂಡತಿಗೆ ಈ ಲೆಕ್ಕ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. “ಲೆಕ್ಕ ಸರಿಯಾಗೇ ಐತೆ. ಯಾಕೋ ಮನಸ್ಸು ಒಪ್ತಿಲ್ಲ” ಅಂದಳು. ಯಾಕೆ ಅಂದರೆ ಗೊತ್ತಿಲ್ಲ ಅಂದಳು.

ಹೇಗೂ ನಾವಿಬ್ಬರೇ ತೀರ್ಮಾನ ಮಾಡುವ ಹಾಗಿರಲಿಲ್ಲ. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಮೂರು ಜನ ಮಕ್ಕಳು ನಾವು. ಅಕ್ಕ ಮದುವೆಯಾಗಿ ಬೆಂಗಳೂರಿನ ಶ್ರೀರಾಂಪುರಕ್ಕೆ ಹೋದವಳು. ಅವಳ ಬೆನ್ನಿಗೇ ಹೋದ ತಮ್ಮನೂ ಅಲ್ಲೇ ಎರಡು ಬೀದಿ ಆಚೆ ಭೋಗ್ಯದ ಮನೆಯಲ್ಲಿದ್ದಾನೆ. ಮೂವರ ರುಜು ಬೇಕು. ಫೋನಿನಲ್ಲಿ ಆಗುವ ಮಾತಲ್ಲ ಅಂತ ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಶ್ರೀರಾಂಪುರದಲ್ಲಿ

ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹಿಡಿದರೆ ಶ್ರೀರಾಂಪುರ ಸ್ಟೇಷನ್ನು ದೂರ ಇಲ್ಲ. 2014ರಲ್ಲಿ ಮೆಟ್ರೋ ಬಂದ ಮೇಲೆ ನಮ್ಮಂಥವರಿಗೆ ಬಹಳ ಅನುಕೂಲ. ರೈಲು ಹಳಿಯ ಆ ಕಡೆ ಮಲ್ಲೇಶ್ವರ, ಈ ಕಡೆ ಶ್ರೀರಾಂಪುರ. ಆ ಕಡೆ ಮರದ ನೆರಳು, ಈ ಕಡೆ ಗೋಡೆಗೆ ಗೋಡೆ ತಾಗಿದ ಮನೆ. ನಮ್ಮ ಭಾವನ ತಂದೆ ರಾಜಾ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಹೋಗಿ ಆ ಜಾಗದಲ್ಲಿ ಮಂತ್ರಿ ಮಾಲ್ ಬಂತು, 2010ರಲ್ಲಿ. ಭಾವ ಸ್ವತಃ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ನಡೆಸಿ ಈಗ ಮನೆಯಲ್ಲಿದ್ದಾರೆ.

ರಾತ್ರಿ ಊಟ ಆದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ನಾನು ಲೆಕ್ಕ ಓದಿದೆ. ತಮ್ಮ ಅರ್ಧಕ್ಕೇ ತಡೆದ. “ಅಣ್ಣ, ಅಪ್ಪ ಬೆವರು ಸುರಿಸಿದ ನೆಲ ಅದು. ಅದರ ಮೇಲೆ ಗಾಜು ಹಾಸೋಕೆ ಬಿಡ್ತೀಯಾ? ನಾನು ರುಜು ಹಾಕಲ್ಲ” ಅಂದ. ಕಣ್ಣಲ್ಲಿ ನೀರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪೇಟೆಯವರು ಲೆಕ್ಕಾಚಾರದವರು, ಹಳ್ಳಿಯವರು ಭಾವುಕರು ಅಂತ ಜನ ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಉಲ್ಟಾ. ಯುಗಾದಿಗೆ ಬಂದು ಹುಣಸೆ ಮರದ ಕೆಳಗೆ ಫೋಟೋ ತೆಗೆಸಿಕೊಂಡು ಹೋಗುವ ತಮ್ಮನಿಗೆ ಹೊಲ ಅಂದರೆ ಗಂಟಲು ಕಟ್ಟುತ್ತದೆ. ಆಷಾಢದಲ್ಲಿ ಆಕಾಶ ನೋಡುತ್ತಾ ಬೀಜದ ಮೂಟೆ ಪಕ್ಕ ಕೂತಿರುವ ನನಗೆ ಕಟ್ಟುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಹೊಲಕ್ಕೂ ಹೊಂದುತ್ತದೆ.

ನಾನೂ ಸ್ವಲ್ಪ ಬಿರುಸಾಗಿ, “ನೋಡಪ್ಪಾ, ಭಾವನೆ ಆಚೆಗಿಟ್ಟು ಮಾತಾಡು” ಅಂದೆ. ಆಗ ತಮ್ಮನ ಮಗಳು ಬಾಯಿ ಹಾಕಿದಳು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾಳೆ. “ದೊಡ್ಡಪ್ಪ, ಭಾವನೆ ಪೂರ್ತಿ ಆಚೆಗಿಟ್ಟ ಒಬ್ಬ ಮನುಷ್ಯನ ಕತೆ ಹೇಳ್ಲಾ?” ಅಂದಳು.

ಅಮೆರಿಕದಲ್ಲಿ ಆಂಟೋನಿಯೊ ಡಮಾಸಿಯೊ ಅಂತ ಮಿದುಳಿನ ಡಾಕ್ಟರು, ಹುಟ್ಟಿದ್ದು ಪೋರ್ಚುಗಲ್. 1994ರಲ್ಲಿ ಅವರು ಬರೆದ ಪುಸ್ತಕದಲ್ಲಿ ಎಲಿಯಟ್ ಅಂತ ಹೆಸರಿಟ್ಟ ಒಬ್ಬ ರೋಗಿಯ ವಿಷಯ ಬರುತ್ತದಂತೆ. ಹಣೆಯ ಹಿಂದೆ ಗೆಡ್ಡೆ ಬೆಳೆದು ಆಪರೇಷನ್ ಆಯಿತು. ಬುದ್ಧಿ ಪರೀಕ್ಷೆಯಲ್ಲಿ ಎಲ್ಲಾ ಸರಿ. ನೆನಪು ಸರಿ, ಲೆಕ್ಕ ಸರಿ, ಮಾತು ಸರಿ. ಆದರೆ ಮನೆಗೆ ಬೆಂಕಿ ಬಿದ್ದ ಚಿತ್ರ, ಮುಳುಗುತ್ತಿರುವವರ ಚಿತ್ರ ತೋರಿಸಿದರೆ ಒಳಗೆ ಏನೂ ಆಗುತ್ತಿರಲಿಲ್ಲ. ನೋವೂ ಇಲ್ಲ, ಹೆದರಿಕೆಯೂ ಇಲ್ಲ. ಅಂಥವನು ಬಹಳ ಚೊಕ್ಕ ತೀರ್ಮಾನ ಮಾಡಬೇಕಲ್ಲ? ಇಲ್ಲ. ಆಫೀಸಿನಲ್ಲಿ ಕಾಗದಗಳನ್ನು ಜೋಡಿಸು ಅಂದರೆ ತಾರೀಖಿನ ಪ್ರಕಾರವೋ, ಅಳತೆಯ ಪ್ರಕಾರವೋ, ವಿಷಯದ ಪ್ರಕಾರವೋ ಅಂತ ಯೋಚಿಸುತ್ತಾ ಮಧ್ಯಾಹ್ನವೆಲ್ಲಾ ಕಳೆಯುತ್ತಿದ್ದ. ಕೆಲಸ ಹೋಯಿತು, ಬುದ್ಧಿ ಹೇಳಿದರೂ ಕೇಳದೆ ವ್ಯಾಪಾರಕ್ಕೆ ಹಾಕಿ ಉಳಿತಾಯವೂ ಹೋಯಿತು, ಸಂಸಾರವೂ ಹೋಯಿತು. ಯಾವುದು ಮುಖ್ಯ, ಯಾವುದು ಅಮುಖ್ಯ ಅಂತ ಒಳಗಿನಿಂದ ಹೇಳುವವರೇ ಇರಲಿಲ್ಲ ಅವನಿಗೆ.

ಕತೆ ಕೇಳಿ ತಮ್ಮ ಗೆದ್ದವನ ಹಾಗೆ ನನ್ನ ಮುಖ ನೋಡಿದ. ಆದರೆ ಹುಡುಗಿ ಅಪ್ಪನನ್ನೂ ಬಿಡಲಿಲ್ಲ. ಕಾನೆಮನ್ ಅಂತ ಇನ್ನೊಬ್ಬರ ಹೆಸರು ತೆಗೆದಳು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, 2024ರಲ್ಲಿ ತೀರಿಕೊಂಡರು. ನೂರು ರೂಪಾಯಿ ಕಳಕೊಂಡ ನೋವು ನೂರು ರೂಪಾಯಿ ಸಿಕ್ಕಿದ ಖುಷಿಗಿಂತ ಬಹಳ ದೊಡ್ಡದು, ಹೆಚ್ಚು ಕಮ್ಮಿ ಎರಡರಷ್ಟು ಅಂತ ಅವರೂ ಅವರ ಜೊತೆಗಾರ ಟ್ವೆರ್ಸ್ಕಿಯವರೂ ತೋರಿಸಿದರಂತೆ. ಅದಕ್ಕೇ ಜನ ಇರುವುದನ್ನು ಬಿಡಲು ಒಪ್ಪುವುದಿಲ್ಲ, ಇರುವುದು ಹೇಗೇ ಇರಲಿ. ಇಷ್ಟು ಹೇಳಿ ಅಪ್ಪನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು.

“ಅಪ್ಪ, ಈಗ ಉಲ್ಟಾ ಮಾಡಿ ನೋಡು. ತಾತನ ಕಾಲದಿಂದ್ಲೂ ಹೊಲ ಗುತ್ತಿಗೆಗೇ ಹೋಗಿದೆ ಅಂತಿಟ್ಕೊ. ವರ್ಷ ವರ್ಷ ಎಕರೆಗೆ 21,000 ಬರ್ತಾ ಇದೆ. ಆಗ ನೀನು ಊರಿಗೆ ಹೋಗಿ, ಆ ಕರಾರು ಮುರಿ, ದೊಡ್ಡಪ್ಪ ಕಡ್ಲೆಕಾಯಿ ಬಿತ್ತಲಿ ಅಂತ ಹೇಳ್ತೀಯಾ?”

ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. “ಹುಣಸೆ ಮರ ಇರೋ ಕಡೆ ಬಿತ್ತು ಅಂತೀನಿ. ಮೇಲಿನ ಹೊಲಕ್ಕೆ ಹೇಳಲ್ಲ” ಅಂದ.

ಈ ಪ್ರಶ್ನೆಯನ್ನು ನಾನು ಆಮೇಲೆ ಬೇರೆ ವಿಷಯಕ್ಕೂ ಉಪಯೋಗಿಸಿ ನೋಡಿದ್ದೇನೆ. ಮುದಿ ಎತ್ತು ಮಾರುವುದಕ್ಕೆ, ಸೊಸೈಟಿ ಸಾಲಕ್ಕೆ. ಇರುವುದನ್ನು ಇಲ್ಲ ಅಂತ, ಇಲ್ಲದ್ದನ್ನು ಇದೆ ಅಂತ ಇಟ್ಟುಕೊಂಡು ಕೇಳಿಕೊಳ್ಳುವುದು. ಪುಕ್ಕಟೆ ಸಾಮಾನು, ಇಟ್ಟುಕೊಳ್ಳಿ.

ಭಾವ ಅಲ್ಲಿಯವರೆಗೆ ಸುಮ್ಮನಿದ್ದವರು ತಮ್ಮ ತಂದೆಯ ಮಾತು ತೆಗೆದರು. ಅವರ ತಂದೆ ದಾಯಾದಿಗಳ ಮೇಲಿನ ಸಿಟ್ಟಿಗೆ ಊರ ಜಮೀನು ಮಾರಿ ಮಿಲ್ಲಿಗೆ ಬಂದವರು. “ಸಿಟ್ಟಲ್ಲಿ ಮಾರಿದ್ರು ನಿಜ. ಆದರೆ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಿಂಗಳು ತಿಂಗಳು ಸಂಬಳ, ಮಿಲ್ಲು ಕಲ್ಲಿನ ಹಾಗೆ ನಿಂತಿದೆ ಅಂತ ಎಲ್ರೂ ಹೇಳ್ತಿದ್ರು. ಅಲ್ಲಿ ಮಾಲ್ ಬರುತ್ತೆ ಅಂತ ಯಾವ ಲೆಕ್ಕದವನೂ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ಬಾಡಿಗೆ ಬರುತ್ತೆ ಅಂತ ನೀವು ಬರೆದಿದ್ದೀರಲ್ಲ, ಅದು ಲೆಕ್ಕವೋ ನಂಬಿಕೆಯೋ?” ಅಂದರು.

ನಿಜವೇ. ಗುಣಿಸುವುದು ಲೆಕ್ಕ. ಅಷ್ಟು ವರ್ಷ ಕೊಡುವವನು ಇರುತ್ತಾನೆ ಅನ್ನುವುದು ನಂಬಿಕೆ.

ಕೊನೆಗೆ ಅಕ್ಕ. ತಟ್ಟೆ ತೊಳೆದು ಬಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಕೂತಳು. “ನೀನು ಲೆಕ್ಕ ಲೆಕ್ಕ ಅಂತೀಯಾ ಕಣೋ. ನಿನಗೆ ಸುಸ್ತಾಗಿದೆ. ಹೋದ ಬರದಲ್ಲಿ ನೀನು ಬಂದು ಇದೇ ಚಾಪೆ ಮೇಲೆ ಎರಡು ದಿನ ಮಲಗಿದ್ದೆ, ಮಾತೇ ಆಡಲಿಲ್ಲ. ಸುಸ್ತಾಗಿದೆ ಅಂತ ಹೇಳು. ಅದಕ್ಕೆ ಹತ್ತು ವರ್ಷದ ಪಟ್ಟಿ ಯಾಕೆ?”

ನನಗೆ ಉತ್ತರ ಬರಲಿಲ್ಲ. ತಮ್ಮನದು ದುಃಖ, ನನ್ನದು ಲೆಕ್ಕ ಅಂತ ಎರಡು ಪಕ್ಷ ಮಾಡಿಕೊಂಡು ಕೂತಿದ್ದೆವು. ಅಕ್ಕನ ಕಣ್ಣಿಗೆ ಎರಡೂ ಕಡೆ ಮನಸ್ಸೇ ಕಂಡಿದೆ. ನನಗೆ 56. ಮಂಡಿ ನೋವು. ಕುಂಟೆ ಹೊಡೆದ ದಿನ ರಾತ್ರಿ ಮೆಟ್ಟಿಲು ಹತ್ತಲಾಗುವುದಿಲ್ಲ. ಪಟ್ಟಿಯಲ್ಲಿದ್ದ ಅಂಕಿ ಒಂದೂ ಸುಳ್ಳಲ್ಲ. ಆದರೆ ಆ ಪಟ್ಟಿ ಮಾಡಲು ಕೂರಿಸಿದ್ದು ಮಂಡಿ. ಸುಸ್ತು ನಾಚಿಕೆಯ ವಿಷಯವೂ ಅಲ್ಲ. ಆಳಿನ ಕೂಲಿ ಬರೆಯುತ್ತೇವೆ, ಟ್ರ್ಯಾಕ್ಟರಿನ ಡೀಸೆಲ್ ಬರೆಯುತ್ತೇವೆ. ಬೇಸಾಯಗಾರನ ಮೈ ಸವೆದದ್ದನ್ನೂ ಬಾಯಿ ಬಿಟ್ಟು ಹೇಳಿದರೆ ತಾನೆ ಮಾತು ಮುಂದಕ್ಕೆ ಹೋಗುವುದು? ಹೇಳಿದ ಮೇಲೆ ಪ್ರಶ್ನೆಯೇ ಬದಲಾಯಿತು. ಹೊಲ ಕೊಡೋಣವೇ ಅನ್ನುವುದು ಹೋಗಿ, ಇವನ ಕೈಲಿ ಎಷ್ಟು ಎಕರೆ ಆಗುತ್ತದೆ ಅನ್ನುವುದಕ್ಕೆ ಬಂತು.

ಕಾಲಂ ಇಲ್ಲದ ಬಾಬ್ತು

ಮಾರನೇ ದಿನ ಬೆಳಿಗ್ಗೆ ಅಕ್ಕ ಊರಿಗೆ ಫೋನು ಮಾಡಿ ನನ್ನ ಹೆಂಡತಿಯನ್ನು ಕೇಳಿದಳು. “ಮನಸ್ಸು ಒಪ್ತಿಲ್ಲ ಅಂದ್ಯಂತೆ. ಸರಿ, ಕಣ್ಣು ಮುಚ್ಚಿಕೊಂಡು ಹೊಲಕ್ಕೆ ಬೇಲಿ ಹಾಕಿದ ಮಾರನೇ ದಿನ ಬೆಳಿಗ್ಗೆ ನೆನೆಸ್ಕೊ. ಎದ್ದು ಏನ್ ಮಾಡ್ತೀಯಾ ಹೇಳು” ಅಂದಳು. ಆಗ ಒಂದೊಂದಾಗಿ ಬಂತು.

ಎದ್ದ ತಕ್ಷಣ ದನಕ್ಕೆ ಏನು ಹಾಕಲಿ? ಕಡ್ಲೆ ಬಳ್ಳಿ ಇರಲ್ಲ, ರಾಗಿ ಹುಲ್ಲು ಇರಲ್ಲ. ಹುಲ್ಲು ಕೊಂಡು ಎರಡು ಹಸು ಸಾಕೋಕಾಗುತ್ತಾ? ಹಸು ಹೋದರೆ ಹಾಲಿನ ಡೈರಿ ದುಡ್ಡು ಹೋಯಿತು. ಆ ದುಡ್ಡು ನನ್ನ ಕೈಗೆ ಬರ್ತಿತ್ತು, ಬಾಡಿಗೆ ದುಡ್ಡು ಯಾರ ಕೈಗೆ ಬರುತ್ತೆ? ಅಕ್ಕಡಿ ಸಾಲಿನ ತೊಗರಿ, ಅವರೆ, ಅಲಸಂದೆ ಯಾವತ್ತಾದ್ರೂ ಅಂಗಡೀಲಿ ತಂದಿದ್ದೀವಾ? ಕಳೆ ತೆಗೆಯೋಕೆ ಬರೋ ನಾಲ್ಕು ಜನ ಹೆಂಗಸರು ನಮ್ಮನೇ ನಂಬಿಕೊಂಡವ್ರೆ, ಅವರಿಗೆ ಏನಂತ ಹೇಳ್ಲಿ?

ನೋಟುಬುಕ್ಕು ಕೈಗೆ ಬಂದ, ಕೈಯಿಂದ ಹೋದ ದುಡ್ಡಿನದ್ದು. ಅದರ ಕೆಲಸ ಅಷ್ಟೇ. ಮನೆಯಲ್ಲಿ ಹುಟ್ಟಿ ಮನೆಯಲ್ಲೇ ಕರಗುವುದಕ್ಕೆ ಅದರಲ್ಲಿ ಕಾಲಂ ಇಲ್ಲ. ಯಾಕೋ ಅನ್ನುವ ಒಂದು ಪದದೊಳಗೆ ಇಷ್ಟೆಲ್ಲಾ ಬಾಬ್ತು ಕೂತಿತ್ತು. ಅವಳಿಗೂ ಕೇಳುವವರೆಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕೊಟ್ಟಿಗೆ ನೋಡಿಕೊಂಡವಳ ಮನಸ್ಸು ಮೊದಲು ಹೆದರುತ್ತದೆ, ಕಾರಣ ಆಮೇಲೆ ಹೇಳುತ್ತದೆ ಅಂತ ಕಾಣುತ್ತದೆ.

ಹಾಗಂತ ಮನಸ್ಸಿಗೆ ಬಂದದ್ದಕ್ಕೆಲ್ಲಾ ಕಾರಣ ಇರುತ್ತದೆ ಅಂತಲ್ಲ. ‘ಹೊಲ ಬಾಡಿಗೆಗೆ ಬಿಟ್ಟು ಕಟ್ಟೆ ಮೇಲೆ ಕೂತವನು’ ಅಂತ ಊರಲ್ಲಿ ಆಡಿಕೊಳ್ಳುತ್ತಾರೆ ಅನ್ನುವ ಕಸಿವಿಸಿ ನನಗೂ ಇತ್ತು. ಅದನ್ನೂ ಹಾಗೇ ಕೆದಕಿ ನೋಡಿದೆ. ಆಡಿಕೊಂಡರೆ ಏನಾಗುತ್ತದೆ? ಎರಡು ತಿಂಗಳು ಆಡಿಕೊಳ್ಳುತ್ತಾರೆ, ಆಮೇಲೆ ಅವರೂ ಕೊಡುತ್ತಾರೆ. ಒಳಗೆ ಬೇರೇನೂ ಸಿಗಲಿಲ್ಲ. ಅದನ್ನು ಬಿಟ್ಟೆ.

ಊರಿಗೆ ಬಂದ ಮೇಲೆ ತಿರುಮಣಿ ಕಡೆ ಹೋಗಿ ಎರಡು ದಿನ ಸುತ್ತಿದೆ. ಹೋಗದೆ ತೀರ್ಮಾನ ಬೇಡ ಅಂತ ಭಾವನೂ ಹೇಳಿದ್ದರು. ಜಮೀನು ಜಾಸ್ತಿ ಇದ್ದವರು ಮನೆ ಕಟ್ಟಿದ್ದಾರೆ, ಮಕ್ಕಳನ್ನು ದೂರದ ಕಾಲೇಜಿಗೆ ಕಳಿಸಿದ್ದಾರೆ, ಸಾಲ ತೀರಿಸಿಕೊಂಡವರೂ ಸಿಕ್ಕಿದರು. ಬರ ಬಂದರೂ ಬಾಡಿಗೆ ನಿಲ್ಲುವುದಿಲ್ಲ ಅನ್ನುವ ನೆಮ್ಮದಿ ಮುಖದಲ್ಲೇ ಕಾಣುತ್ತದೆ. ಜಮೀನಿಲ್ಲದವರ ಕತೆ ಬೇರೆ. ಬಾಡಿಗೆ ಅವರಿಗೆ ಬರುವುದಿಲ್ಲ, ಕೂಲಿ ಮಾತ್ರ ಹೋಯಿತು. ತಟ್ಟೆ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಇಂಥ ಕೆಲಸ ಕೆಲವರಿಗೆ ಸಿಕ್ಕಿದೆ, ಎಲ್ಲರಿಗೂ ಸಿಗುವಷ್ಟಿಲ್ಲ. ಮೇವಿನ ಜಾಗಕ್ಕೆ ಬೇಲಿ ಬಿದ್ದ ಮೇಲೆ ಕುರಿ ಮಾರಿದವರು ಇದ್ದಾರೆ. ಹನ್ನೊಂದು ಎಕರೆ ಕೊಟ್ಟ ಯಜಮಾನರೊಬ್ಬರು ಟೀ ಕುಡಿಸಿ ಹೇಳಿದರು: “ದುಡ್ಡಿಗೇನೂ ಮೋಸ ಇಲ್ಲಪ್ಪ. ಹೊತ್ತೇ ಹೋಗಲ್ಲ.” ಇದನ್ನೂ ಯಾವ ಕಾಲಮ್ಮಿಗೆ ಬರೆಯುವುದೋ.

ಮಗನನ್ನೂ ಕೇಳಿದೆವು. ಪೀಣ್ಯದಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾನೆ. 28 ವರ್ಷ ಅಂದರೆ ನನಗೆ 84 ಆಗಿರುತ್ತದೆ, ಅವನಿಗೆ ಈಗಿನ ನನ್ನ ವಯಸ್ಸು ಹತ್ತಿರ. ಕರಾರು ಮುಗಿದಾಗ ನೆಲ ನೋಡುವವನು ಅವನೇ. “ಕೆಳಗಿನ ಹೊಲ ಇರಲಿ. ಮೇಲಿನದು ಕೊಡೋದಾದ್ರೆ, ಹೋಗೋವಾಗ ನೆಲದೊಳಗಿನ ಕಾಂಕ್ರೀಟು ಯಾರು ಕೀಳ್ತಾರೆ ಅಂತ ಬರೆಸ್ಕೊ” ಅಂದ. ನನಗೆ ಹೊಳೆಯದಿದ್ದ ಮಾತು.

ಈಗ ಆಗಿರುವುದು ಇಷ್ಟು. ಪೌತಿ ಖಾತೆಗೆ ಮೂವರೂ ಸೇರಿ ಅರ್ಜಿ ಹಾಕಿದ್ದೇವೆ. ಕೆಳಗಿನ ಮೂರು ಎಕರೆ ಕೊಡುವುದಿಲ್ಲ. ಅಲ್ಲಿ ರಾಗಿ, ಅಕ್ಕಡಿ, ದನದ ಮೇವು. ಮೂರು ಎಕರೆ ನನ್ನ ಮಂಡಿಗೂ ಸಾಕು. ಮೇಲಿನ ಆರೂವರೆ ಎಕರೆಗೆ ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಗುತ್ತಿಗೆ ಕೇಳಿದವರಿಗೆ ಕೊಟ್ಟಿದ್ದೇನೆ. ಎರಡು ವರ್ಷಕ್ಕೊಮ್ಮೆ ಏರಿಕೆ ಬರಹದಲ್ಲಿ ಇದೆಯೇ? ಕಂಪನಿ ಕೈ ಬದಲಾದರೆ ಬಾಡಿಗೆಗೆ ಜವಾಬ್ದಾರಿ ಯಾರು? ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆದು ನೆಲ ಸಮ ಮಾಡಿ ಕೊಡುತ್ತೀರಾ? ದನ ಕುರಿ ಹೋಗುವ ದಾರಿ ಬಿಡುತ್ತೀರಾ? ಹುಲ್ಲು ಕೊಯ್ಯುವ ಕೆಲಸಕ್ಕೆ ನಮ್ಮೂರ ಹೆಂಗಸರನ್ನೇ ತಗೊಳ್ಳುತ್ತೀರಾ? ಬಾಡಿಗೆಯಲ್ಲಿ ಒಂದು ಪಾಲು ನನ್ನ ಹೆಂಡತಿಯ ಖಾತೆಗೆ ಹೋಗಬೇಕು ಅನ್ನುವುದು ಮನೆಯೊಳಗಿನ ಕರಾರು. ಅದನ್ನು ಅಕ್ಕ ಮಾಡಿಸಿದ್ದು.

ಹಾಳೆ ತಗೊಂಡು ಹೋದವರು, ಮೇಲಿನವರನ್ನು ಕೇಳಿ ದೀಪಾವಳಿ ಆದ ಮೇಲೆ ಬರುತ್ತೇವೆ ಅಂದಿದ್ದಾರೆ. ಅಲ್ಲಿಯವರೆಗೆ ನೆಲ ಖಾಲಿ ಯಾಕೆ ಅಂತ ಹಿಂಗಾರಿಗೆ ಹುರುಳಿ ಎರಚಿದ್ದೇನೆ. ಗುತ್ತಿಗೆ ಕೊಟ್ಟು ಐದಾರು ವರ್ಷ ಆದ ರೈತರು ಓದುಗರಲ್ಲಿದ್ದರೆ, ಆ ಕಾಂಕ್ರೀಟಿನ ವಿಷಯ ನಿಮ್ಮ ಕರಾರಿನಲ್ಲಿ ಹೇಗೆ ಬರೆದಿದ್ದಾರೆ ಅಂತ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.